ಎಸಿ ತಂಪು ಕೊಡುತ್ತಿಲ್ವಾ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಮನೆಮನೆಯಲ್ಲೂ ಇದೇ ಮಾತು: “ಎಸಿ ನಡದದ್ರಿ, ಆದ್ರ ತಂಪೇ ಬರವಲ್ದು.” ಮೆಕ್ಯಾನಿಕ್ ಬರುತ್ತಾರೆ, ಹತ್ತು ನಿಮಿಷ ನೋಡುತ್ತಾರೆ, “ಗ್ಯಾಸ್ ಖಾಲಿ ಆಗ್ಯದ” ಅನ್ನುತ್ತಾರೆ. ನಾವು ದುಡ್ಡು ಕೊಟ್ಟು ತುಂಬಿಸಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಹೀಗೇ ಮೂರು ಬೇಸಿಗೆ ನಡೆಯಿತು. ನಾಲ್ಕನೇ ವರ್ಷ ವಯಸ್ಸಾದ ಇನ್ನೊಬ್ಬ ಮೆಕ್ಯಾನಿಕ್ ಬಂದರು. ಅವರು ಮೊದಲು ಕೇಳಿದ್ದು ಒಂದು ಲೋಟ ಸೋಪಿನ ನೀರು. ಔಟ್‌ಡೋರ್ ಯೂನಿಟ್ಟಿನ (ಮನೆಯ ಹೊರಗಿರುವ ಪೆಟ್ಟಿಗೆಯ) ಪಕ್ಕದಲ್ಲಿ ತಾಮ್ರದ ಪೈಪು ಸೇರುವ ನಟ್ಟಿಗೆ ಅದನ್ನು ಹಚ್ಚಿ ಸುಮ್ನೆ ಕೂತರು. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆಗಳು ಒಂದೊಂದಾಗಿ ಎದ್ದವು. ಮನೆ ಬದಲಿಸಿದಾಗ ಎಸಿ ಬಿಚ್ಚಿ ಮತ್ತೆ ಕೂರಿಸಿದ್ದರಲ್ಲ, ಆಗ ನಟ್ಟನ್ನು ಜಾಸ್ತಿ ಬಿಗಿದು ಪೈಪಿನ ಬಾಯಿ ಸೀಳಿತ್ತು. ಆ ತುದಿಯನ್ನು ಕತ್ತರಿಸಿ ಹೊಸದಾಗಿ ಬಾಯಿ ಅಗಲಿಸಿ ಕೂರಿಸಿದರು. ಆಮೇಲೆ ಗ್ಯಾಸಿನ ಮಾತೇ ಬಂದಿಲ್ಲ.

ಎಸಿಯ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ, ಕೋಣೆಯ ಶಾಖ ಹೀರಿಕೊಂಡು ಹೊರಗೆ ಹೋಗಿ ಬಿಟ್ಟು ಬರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮತ್ತೆ ಎಷ್ಟೋ ಸಲ ಗ್ಯಾಸು ಸರಿಯಾಗೇ ಇರುತ್ತದೆ, ತೊಂದರೆ ಬೇರೆ ಕಡೆ ಇರುತ್ತದೆ. ಸ್ಪ್ಲಿಟ್ ಎಸಿ (ಒಳಗೊಂದು, ಹೊರಗೊಂದು ಯೂನಿಟ್ ಇರುವಂಥದ್ದು) ಇರುವವರು ಫೋನ್ ಮಾಡುವ ಮೊದಲು ಅರ್ಧ ಗಂಟೆ ಕೊಟ್ಟು ಕೆಳಗಿನದನ್ನು ನೋಡಿ.

ಮೊದಲು ರಿಮೋಟ್. ಕೂಲ್ ಬದಲು ಫ್ಯಾನ್ ಅಥವಾ ಡ್ರೈ ಮೋಡಿನಲ್ಲಿ ಇದೆಯಾ? ಮಕ್ಕಳಿರುವ ಮನೆಯಲ್ಲಿ ಇದು ಬಹಳ ಸಾಮಾನ್ಯ. 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆಯನ್ನೂ ಬಿಡಿ. ಇನ್ವರ್ಟರ್ ಅಲ್ಲದ, ಅಂದರೆ ಒಂದೇ ವೇಗದಲ್ಲಿ ಓಡುವ ಎಸಿ 18ರಲ್ಲೂ 24ರಲ್ಲೂ ಅದೇ ತಣ್ಣನೆ ಗಾಳಿಯನ್ನು ಕೊಡುತ್ತದೆ, 18ಕ್ಕಿಟ್ಟರೆ ನಿಲ್ಲದೆ ಓಡುತ್ತದೆ ಅಷ್ಟೇ. ದೇಶದಲ್ಲಿ 2020ರಿಂದ ಮಾರುವ ಎಸಿಗಳು 24ಕ್ಕೇ ಶುರುವಾಗಬೇಕು ಎಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಸ್ಟಾರ್ ಲೇಬಲ್ ಕೊಡುವ ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 25ಕ್ಕಿಟ್ಟು ಮೇಲಿನ ಫ್ಯಾನನ್ನು ಒಂದರಲ್ಲೋ ಎರಡರಲ್ಲೋ ತಿರುಗಿಸಿ ನೋಡಿ, ನಮಗಂತೂ ಅದೇ ಹಿತ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಎಸಿ ಸಾಕಾಗುತ್ತಿಲ್ಲ ಎಂದು ಅದೇ ಕೋಣೆಯಲ್ಲಿ ಕೂಲರ್ ಕೂಡ ಹಚ್ಚಬೇಡಿ. ಕೂಲರ್ ಗಾಳಿಗೆ ತೇವ ತುಂಬುತ್ತದೆ, ಎಸಿ ಆ ತೇವವನ್ನೆಲ್ಲ ಹಿಂಡಿ ನೀರು ಮಾಡಿ ಹೊರಗೆ ಹಾಕಬೇಕು. ಅದರ ಶಕ್ತಿ ಅಲ್ಲೇ ಹೋಗುತ್ತದೆ.

ಇನ್ನು ಫಿಲ್ಟರ್. ಇಂಡೋರ್ ಯೂನಿಟ್ಟಿನ ಮುಂದಿನ ಮುಚ್ಚಳ ಎತ್ತಿದರೆ ಎರಡು ಜಾಳಿಗೆಗಳು ಕಾಣುತ್ತವೆ. ಸ್ವಿಚ್ ಆರಿಸಿ, ಜಾಳಿಗೆ ತೆಗೆದು, ನಲ್ಲಿಯ ಕೆಳಗೆ ಹಿಂಭಾಗದಿಂದ ನೀರು ಬಿಟ್ಟು ತೊಳೆಯಿರಿ. ಹಿಂದಿನಿಂದ ಏಕೆಂದರೆ, ಮುಂದಿನಿಂದ ಬಿಟ್ಟರೆ ಧೂಳು ಇನ್ನಷ್ಟು ಒಳಗೆ ಕೂರುತ್ತದೆ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮಾಡಿ. ರಸ್ತೆ ಪಕ್ಕದ ಮನೆಯಾದರೆ ವಾರಕ್ಕೊಮ್ಮೆ. ಜಾಳಿಗೆ ತೆಗೆದಾಗಲೇ ಮೊಬೈಲ್ ಟಾರ್ಚ್ ಹಿಡಿದು ಗಾಳಿ ಬರುವ ಬಾಯಿಯೊಳಗೆ ನೋಡಿ. ಅಲ್ಲಿ ಉದ್ದನೆಯ ಉರುಳೆಯಂಥ ಫ್ಯಾನ್ ಇದೆ. ಅದರ ಎಲೆಗಳ ಮೇಲೆ ಕಪ್ಪು ಪದರ ಕೂತಿದ್ದರೆ ಫಿಲ್ಟರ್ ಎಷ್ಟು ತೊಳೆದರೂ ಗಾಳಿ ಬರುವುದಿಲ್ಲ. ಅದಕ್ಕೆ ಜೆಟ್ ಪಂಪಿನ ಸರ್ವಿಸೇ ಬೇಕು. ವರ್ಷಕ್ಕೊಮ್ಮೆ, ಮಾರ್ಚ್ ಶುರುವಿನಲ್ಲೇ ಮಾಡಿಸಿಬಿಡಿ. ಮೇ ತಿಂಗಳಲ್ಲಿ ಕರೆದರೆ ಅವರಿಗೂ ಪುರುಸೊತ್ತಿಲ್ಲ, ಕೆಲಸವೂ ಅರ್ಧಂಬರ್ಧ.

ಔಟ್‌ಡೋರ್ ಯೂನಿಟ್ಟನ್ನು ನಾವು ಮರೆತೇಬಿಡುತ್ತೇವೆ. ಕೋಣೆಯ ಶಾಖವೆಲ್ಲ ಹೊರಗೆ ಹೋಗಬೇಕಾದದ್ದು ಅದರ ಮೂಲಕವೇ. ಹಿಂದಿನ ಅಲ್ಯೂಮಿನಿಯಂ ಎಲೆಗಳ ಮೇಲೆ ಧೂಳು ಕಂಬಳಿಯ ಹಾಗೆ ಕೂತಿದ್ದರೆ ಶಾಖ ಹೋಗುವುದಾದರೂ ಎಲ್ಲಿಂದ? ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಎಸಿ ಲೈನಿನ ಸ್ವಿಚ್) ಆರಿಸಿ, ತೋಟಕ್ಕೆ ನೀರು ಬಿಡುವ ಪೈಪಿನಿಂದ ಮೇಲಿನಿಂದ ಕೆಳಗೆ ಮೆಲ್ಲಗೆ ನೀರು ಬಿಡಿ. ಜೋರಾಗಿ ಹೊಡೆದರೆ ಎಲೆಗಳು ಮಡಚಿಕೊಳ್ಳುತ್ತವೆ. ವೈರು ಇರುವ ಮುಚ್ಚಳದ ಕಡೆ ನೀರು ಬೇಡ. ಮಹಡಿಯ ಹೊರಗೋಡೆಗೆ ನೇತುಹಾಕಿದ್ದಾದರೆ ನೀವು ಹತ್ತಲೇಬೇಡಿ, ಹಗ್ಗ ಕಟ್ಟಿಕೊಂಡು ಕೆಲಸ ಮಾಡುವವರಿಗೆ ಬಿಡಿ. ಬಾಲ್ಕನಿಯಲ್ಲಿಟ್ಟು ಮುಂದೆ ಬಟ್ಟೆ ಒಣಹಾಕುವ, ಪೆಟ್ಟಿಗೆ ಪೇರಿಸುವ ಮನೆಗಳನ್ನು ನೋಡಿದ್ದೇನೆ. ಬಿಸಿಗಾಳಿ ಅಲ್ಲೇ ಸುತ್ತಿ ಮತ್ತೆ ಹಿಂದಿನಿಂದ ಒಳಗೆ ಬರುತ್ತದೆ. ಮುಂದೆ ಜಾಗ ಖಾಲಿ ಇರಲಿ, ಹಿಂದೆ ಗೋಡೆಯಿಂದ ಅರ್ಧ ಅಡಿಯಾದರೂ ದೂರ ಇರಲಿ.

ಇಷ್ಟಾದ ಮೇಲೆ ಎಸಿ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ಅಳೆದೇ ನೋಡಬಹುದು. ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಾಕು, ಜ್ವರ ನೋಡುವುದಲ್ಲ, ಕೋಣೆಯದು. ರಿಮೋಟನ್ನು ಅತಿ ಕಡಿಮೆ ಡಿಗ್ರಿಗೆ ಇಟ್ಟು ಕಾಲು ಗಂಟೆ ಓಡಿಸಿ. ಇಂಡೋರ್ ಮೇಲ್ಭಾಗದಲ್ಲಿ, ಗಾಳಿ ಒಳಗೆ ಹೋಗುವ ಕಡೆ, ಒಮ್ಮೆ ಅಳೆಯಿರಿ. ಆಮೇಲೆ ಕೆಳಗೆ, ಗಾಳಿ ಹೊರಬರುವ ಬಾಯಲ್ಲಿ ಅಳೆಯಿರಿ. ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಮಷೀನು ಚೆನ್ನಾಗಿದೆ, ಗ್ಯಾಸ್ ಕಡಿಮೆ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ವ್ಯತ್ಯಾಸ ಸರಿ ಇದ್ದೂ ಕೋಣೆ ತಣ್ಣಗಾಗುತ್ತಿಲ್ಲವಾದರೆ ತೊಂದರೆ ಕೋಣೆಯದ್ದು. ಎಸಿಯ ಸಾಮರ್ಥ್ಯವನ್ನು ಅಳೆಯುವುದೇ ಹೊರಗೆ 35 ಡಿಗ್ರಿ ಇದ್ದಾಗ. ನಮ್ಮಲ್ಲೂ ರಾಯಚೂರಿನಲ್ಲೂ ಹೊರಗೆ 42 ದಾಟಿರುವಾಗ ಅದೇ ಒಂದೂವರೆ ಟನ್ನಿನ ಎಸಿ ಪೂರ್ತಿ ಒಂದೂವರೆ ಟನ್ನಿನ ಕೆಲಸ ಮಾಡಲು ಆಗುವುದಿಲ್ಲ. ಮೇಲಂತಸ್ತಿನ ಮನೆಯಾದರೆ ಛತ್ತು ರಾತ್ರಿ ಹನ್ನೊಂದರವರೆಗೂ ಕಾದೇ ಇರುತ್ತದೆ. ತಾರಸಿಗೆ ಸುಣ್ಣವೋ ಬಿಳಿ ಬಣ್ಣವೋ ಹೊಡೆಸಿ, ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿ, ಬಾಗಿಲಿನ ಕೆಳಗಿನ ಸಂದು ಮುಚ್ಚಿ. ನಾವು ಸುಣ್ಣ ಹೊಡೆಸಿದ ವರ್ಷ ಆದ ವ್ಯತ್ಯಾಸವನ್ನು ಯಾವ ಸರ್ವಿಸಿನಿಂದಲೂ ಕಂಡಿರಲಿಲ್ಲ.

ಇಂಡೋರ್ ಒಳಗೆ ಮಂಜುಗಡ್ಡೆ ಕಟ್ಟಿದ್ದರೆ ಕೂಡಲೇ ಕೂಲಿಂಗ್ ನಿಲ್ಲಿಸಿ, ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಗ್ಯಾಸ್ ಹರಿಯುವ ಪೈಪಿನ ಸುರುಳಿ, ಅಂದರೆ ಕಾಯಿಲ್, ತೂತಾದರೆ ದೊಡ್ಡ ಖರ್ಚು. ಕರಗಿದ ಮೇಲೆ ಫಿಲ್ಟರ್ ತೊಳೆದು ಮತ್ತೆ ಹಚ್ಚಿ. ಗಾಳಿ ಕಡಿಮೆಯಾಗಿದ್ದರೂ ಐಸ್ ಕಟ್ಟುತ್ತದೆ, ಗ್ಯಾಸ್ ಸೋರಿದ್ದರೂ ಕಟ್ಟುತ್ತದೆ. ಫಿಲ್ಟರು, ಫ್ಯಾನು ಎರಡೂ ಸ್ವಚ್ಛ ಇದ್ದು ಮತ್ತೆ ಕಟ್ಟಿದರೆ ಆಗ ಗ್ಯಾಸಿನ ಮೇಲೆ ಅನುಮಾನ ಪಡಬಹುದು.

ಗೋಡೆ ಮೇಲೆ ನೀರು ಇಳಿಯುತ್ತಿದ್ದರೆ ಬಹಳ ಸಲ ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ. ಹೊರಗಿನ ತುದಿ ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲವೇ ಲೋಳೆ ತುಂಬಿರುತ್ತದೆ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೂ ನೀರು ಸರಾಗ ಇಳಿಯುವುದಿಲ್ಲ. ಇನ್ನು ಹನಿ ನೀರೂ ಬರುತ್ತಿಲ್ಲ ಅಂತ ಗಾಬರಿಯಾಗುವವರೂ ಇದ್ದಾರೆ. ನಮ್ಮ ಒಣ ಏಪ್ರಿಲ್‌ನಲ್ಲಿ ಗಾಳಿಯಲ್ಲಿ ತೇವವೇ ಇಲ್ಲ, ನೀರು ಕಡಿಮೆ ಬರುವುದು ಸಹಜ. ಅದೇ ಮಂಗಳೂರು, ಉಡುಪಿಯಲ್ಲಿ ದಿನಕ್ಕೆ ಬಕೆಟ್ ತುಂಬಿದರೂ ಸಹಜ. ಅಲ್ಲಿಯವರಿಗೆ ಬೇರೆ ಕಾಟ ಇದೆ, ಕಡಲಿನ ಉಪ್ಪುಗಾಳಿ ಔಟ್‌ಡೋರಿನ ಎಲೆಗಳನ್ನು ತಿಂದುಹಾಕುತ್ತದೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯುವುದು ಒಳ್ಳೆಯದು.

ಕರೆಂಟಿನ ವಿಷಯದಲ್ಲಿ ಹುಷಾರು. ಎಸಿ ಆರಿಸಿ ತಕ್ಷಣ ಹಚ್ಚಿದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಸುಮಾರು ಮೂರು ನಿಮಿಷ ಶುರುವಾಗುವುದಿಲ್ಲ, ಅದು ತೊಂದರೆ ಅಲ್ಲ, ಅದರ ರಕ್ಷಣೆಗೇ ಮಾಡಿದ್ದು. ಔಟ್‌ಡೋರ್‌ನಿಂದ ಗುಂಯ್ ಅಂತ ಸದ್ದು ಮಾತ್ರ ಬಂದು ಫ್ಯಾನ್ ತಿರುಗದಿದ್ದರೆ, ಇನ್ವರ್ಟರ್ ಅಲ್ಲದ ಎಸಿಯಲ್ಲಿ ಬಹಳ ಸಲ ಮೋಟರ್ ಶುರುವಾಗಲು ನೆರವಾಗುವ ಕೆಪ್ಯಾಸಿಟರ್ ಹೋಗಿರುತ್ತದೆ. ಕೂಡಲೇ ಆರಿಸಿ. ಕೋಲಿನಿಂದ ಫ್ಯಾನ್ ತಳ್ಳಬೇಡಿ, ಮುಚ್ಚಳ ಬಿಚ್ಚಲೂ ಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಅದು ಕಂಪ್ರೆಸರಿನ ಮುಂದೆ ಬಹಳ ಅಗ್ಗದ ಸಾಮಾನು. “ಕಂಪ್ರೆಸರ್ ಹೋಯ್ತು” ಅಂದರೆ, ಮೊದಲು ಕೆಪ್ಯಾಸಿಟರ್ ಮೀಟರಿಗೆ ಹಚ್ಚಿ ನೋಡಿದಿರಾ ಅಂತ ಕೇಳಿ. ಸಂಜೆ ವೋಲ್ಟೇಜ್ ಇಳಿದಾಗ ಮಾತ್ರ ಎಸಿ ಮತ್ತೆ ಮತ್ತೆ ನಿಂತರೆ ಸ್ಟೆಬಿಲೈಜರ್ ನೋಡಬೇಕು. ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ, ಮುಟ್ಟಿದಾಗ ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ ಆ ದಿನವೇ ಸಾಕೆಟ್ ಬದಲಿಸಿ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಎಸಿ ಯಾವತ್ತೂ ಬೇಡ, ಮೇನ್ ಬೋರ್ಡಿನಿಂದ ಅದಕ್ಕೇ ಬೇರೆ ಲೈನ್ ಇರಲಿ. ಎಂಸಿಬಿ ಹಚ್ಚಿದ ಕೂಡಲೇ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟೆಲ್ಲ ನೋಡಿದ ಮೇಲೂ ತಂಪಿಲ್ಲ, ಮೆಕ್ಯಾನಿಕ್ ಗ್ಯಾಸ್ ಕಡಿಮೆ ಇದೆ ಅಂದರು ಅಂದುಕೊಳ್ಳಿ. “ಎಲ್ಲಿ ಸೋರುತ್ತಿದೆ, ತೋರಿಸ್ರಿ” ಅನ್ನಿ. ಜಗಳದ ದನಿ ಬೇಡ, ಕೇಳುವುದು ನಿಮ್ಮ ಹಕ್ಕು. ನಟ್ಟುಗಳ ಸುತ್ತ ಎಣ್ಣೆಯ ಜಿಡ್ಡು ಇದೆಯಾ ನೋಡಿ, ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ, ಅದೇ ಗುರುತು. ಸೋಪಿನ ನೀರಿಗೆ ಸಿಗದಿದ್ದರೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ಅಂತ ನೋಡುವ ಕ್ರಮ ಇದೆ. ಸೋರುವ ಜಾಗ ಸರಿಮಾಡಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆಯಲೇಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಅದಕ್ಕೇ ಕೆಲವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿ ಮುಗಿಸಿಬಿಡುತ್ತಾರೆ. ಒಪ್ಪಬೇಡಿ. ಒಳಗೆ ತೇವ ಉಳಿದರೆ ಕಂಪ್ರೆಸರಿನ ಆಯಸ್ಸು ಕಡಿಮೆಯಾಗುತ್ತದೆ. ಚಹಾ ಕೊಟ್ಟು ಕೂರಿಸಿ, ಪಂಪು ಅರ್ಧ ಗಂಟೆ ಓಡಲಿ.

ಔಟ್‌ಡೋರಿನ ಪಕ್ಕದ ಚೀಟಿಯಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಬರೆದಿರುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿ ಆರ್-32, ಕೆಲವದರಲ್ಲಿ ಆರ್-410ಎ, ಹಳೆಯದರಲ್ಲಿ ಆರ್-22. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತೂಕ ನೋಡಿಯೇ ತುಂಬಿಸಿ ಎನ್ನಿ, ಅಂದಾಜಿಗೆ ಹಾಕಿದರೆ ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗ್ಯಾಸು. ಕಿಟಕಿ ತೆರೆದಿಡಿ, ಹತ್ತಿರ ಬೀಡಿ ಸಿಗರೇಟು ಬೇಡ, ಯೂಟ್ಯೂಬ್ ನೋಡಿ ನೀವೇ ತುಂಬಲು ಹೋಗಬೇಡಿ. ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಭಾರತವೂ ಅದನ್ನು 2030ರ ಹೊತ್ತಿಗೆ ಬಿಡಿಸುವ ಹಾದಿಯಲ್ಲಿದೆ. ಅಂಥ ಹಳೆಯ ಎಸಿಯ ಕಾಯಿಲ್ಲೇ ಸೋರುತ್ತಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ, ಹೊಸದು ತಗೊಳ್ಳಿ.

ಮನೆ ಬದಲಿಸುವವರಿದ್ದರೆ, ಬಿಚ್ಚುವ ಮೊದಲು ಗ್ಯಾಸನ್ನು ಪೂರ್ತಿ ಔಟ್‌ಡೋರ್ ಒಳಗೆ ಎಳೆದು ವಾಲ್ವ್ ಮುಚ್ಚಿಸಿ, ಮೆಕ್ಯಾನಿಕ್‌ಗಳು ಇದನ್ನು ಪಂಪ್ ಡೌನ್ ಅನ್ನುತ್ತಾರೆ. ಹೊಸ ಮನೆಯಲ್ಲಿ ಕೂರಿಸಿದ ದಿನವೇ, ಅವರು ಹೋಗುವ ಮೊದಲು, ನಟ್ಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಯಾವಾಗ ಗ್ಯಾಸ್ ತುಂಬಿಸಿದರೂ ಔಟ್‌ಡೋರಿನ ಮೈಮೇಲೆ ಪರ್ಮನೆಂಟ್ ಮಾರ್ಕರಿನಿಂದ ದಿನಾಂಕ, ಎಷ್ಟು ಗ್ರಾಂ, ಎಲ್ಲಿ ಸೋರಿತ್ತು ಎಂದು ಬರೆದಿಡಿ. ಮುಂದಿನ ವರ್ಷ ಬರುವ ಮೆಕ್ಯಾನಿಕ್ ಮುಚ್ಚಳ ತೆಗೆಯುವ ಮೊದಲು ಅದನ್ನೇ ಓದುತ್ತಾರೆ.