ಸಾರಿಗೆ ಟೆಂಡರಿನಲ್ಲಿ ಉದ್ಯೋಗಕ್ಕೆ ಬೆಲೆ ಪಡೆಯುವ ಬಗೆ

ಠಾಣೆ, ಕಲ್ಯಾಣ, ಡೊಂಬಿವಲಿ ಕಡೆ ರಸ್ತೆ ದುರಸ್ತಿ, ಡಿಪೋ ಸ್ವಚ್ಛತೆ, ಬಸ್ಸುಗಳ ನಿರ್ವಹಣೆಯ ಗುತ್ತಿಗೆ ಹಿಡಿಯುವ ನಮ್ಮ ಕನ್ನಡಿಗರು ಕೇಳುವ ಪ್ರಶ್ನೆ ಬಹುತೇಕ ಒಂದೇ: 40 ಮನೆಗಳ ಒಲೆ ಉರಿಯುವಂತೆ ಕೆಲಸ ಕೊಡುವ ನನಗೆ, ನಾಲ್ಕೇ ಜನರನ್ನಿಟ್ಟುಕೊಂಡು ಯಂತ್ರದಿಂದ ಕೆಲಸ ಮುಗಿಸುವವರಿಗಿಂತ ಮೊದಲ ಮಣೆ ಏಕೆ ಸಿಗಬಾರದು? ಸಿಗಬೇಕೆಂದೇ ನನ್ನ ಅಭಿಪ್ರಾಯ. ಆದರೆ ಆ ಆದ್ಯತೆ ಟೆಂಡರು ದಾಖಲೆಯಲ್ಲೇ ಅಚ್ಚಾಗಿರಬೇಕು. ಅಲ್ಲಿಲ್ಲದ ರಿಯಾಯಿತಿಯನ್ನು ಅಧಿಕಾರಿ ತಾನಾಗಿ ಕೊಟ್ಟರೆ ಸೋತವರು ಹೈಕೋರ್ಟಿನ ಮೆಟ್ಟಿಲೇರಬಹುದು, ಕೆಲಸ ಯಾರ ಕೈಗೂ ಹತ್ತದೆ ನಿಲ್ಲಬಹುದು.

ಆದ್ದರಿಂದ ಈಗಾಗಲೇ ಇರುವ ಬಾಗಿಲನ್ನು ಮೊದಲು ನೋಡಬೇಕು. ಮಹಾರಾಷ್ಟ್ರದ ಲೋಕೋಪಯೋಗಿ ಇಲಾಖೆಯಲ್ಲಿ ಸಣ್ಣ ಕಾಮಗಾರಿಗಳನ್ನು ಮಜೂರ್ (ಕೂಲಿಕಾರರ) ಸಹಕಾರಿ ಸಂಘಗಳು, ಸುಶಿಕ್ಷಿತ ನಿರುದ್ಯೋಗಿ ಎಂಜಿನಿಯರುಗಳು ಮತ್ತು ಮುಕ್ತ ವರ್ಗದ ಗುತ್ತಿಗೆದಾರರ ನಡುವೆ ನಿಗದಿತ ಪ್ರಮಾಣದಲ್ಲಿ ಹಂಚುವ ಪದ್ಧತಿಯಿದೆ. ಮನೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಕುಳಿತ ಮಗನೋ ಮಗಳೋ ಇದ್ದರೆ ಮೊದಲು ಅವರ ನೋಂದಣಿ ಮಾಡಿಸಿ. ಕೆಲಸಗಾರರೇ ಸೇರಿ ಸಂಘ ಕಟ್ಟಿಕೊಳ್ಳುವುದೂ ಒಳ್ಳೆಯದೇ, ಆದರೆ ಬಾಡಿಗೆ ಹೆಸರುಗಳ ಸಂಘ ಮಾತ್ರ ಬೇಡ.

ಬಸ್ಸಿನ ಗುತ್ತಿಗೆಯಲ್ಲಿ ಇಂಥ ಬಾಗಿಲಿಲ್ಲ. ಬಸ್ಸೂ ಚಾಲಕನೂ ಗುತ್ತಿಗೆದಾರನವರಾಗಿರುವ ‘ವೆಟ್ ಲೀಸ್’ ಪದ್ಧತಿಯಲ್ಲಿ ಕಿಲೋಮೀಟರಿಗೆ ಇಷ್ಟೆಂದು ದರ ನಿಗದಿಯಾಗುತ್ತದೆ. ಬಸ್ಸಿನ ಸಾಲದ ಕಂತು, ಇಂಧನದ ಖರ್ಚು ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ, ದರ ಇಳಿಸಿದವರು ಕೊನೆಗೆ ಕೈಯಿಡುವುದು ಸಂಬಳಕ್ಕೇ. 2023ರ ಆಗಸ್ಟ್‌ನಲ್ಲಿ ಮುಂಬಯಿಯ ನಗರ ಬಸ್ ಸಂಸ್ಥೆ ಬೆಸ್ಟ್‌ನ ಗುತ್ತಿಗೆ ಬಸ್ಸುಗಳ ಚಾಲಕರು ಸಂಬಳ ಹೆಚ್ಚಳ ಕೇಳಿ ಕೆಲಸ ನಿಲ್ಲಿಸಿದ್ದು, ಮುಂಬಯಿಯವರು ನಿಲ್ದಾಣಗಳಲ್ಲಿ ಕಾದು ನಿಂತದ್ದು ಅನೇಕರಿಗೆ ನೆನಪಿರಬಹುದು.

ಇಲ್ಲಿ ಮಾತಾಡಬೇಕಾದ ಜಾಗ ಪ್ರೀ-ಬಿಡ್ ಸಭೆ, ಅಂದರೆ ದರ ಸಲ್ಲಿಸುವ ಮುನ್ನ ಟೆಂಡರಿನ ಬಗ್ಗೆ ಪ್ರಶ್ನೆ ಕೇಳುವ ಸಭೆ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಸೇರಿಸಿದರೆ ನಿಭಾಯಿಸಲಾಗದಷ್ಟು ಕಡಿಮೆ ದರವನ್ನು ತಿರಸ್ಕರಿಸಬೇಕೆಂದೂ, ಕಾಯಂ ಕೆಲಸಗಾರರ ಸಂಖ್ಯೆಗೆ ತಾಂತ್ರಿಕ ಅಂಕ (ದರದ ಹೊರತಾದ ಅರ್ಹತೆಯ ಅಂಕ) ಕೊಡಬೇಕೆಂದೂ ಲಿಖಿತವಾಗಿ ಕೇಳಿ. ಗುಣಮಟ್ಟ ಮುಖ್ಯವೆಂದು ಘೋಷಿಸಿದ ಕಾಮಗಾರಿಗಳಲ್ಲಿ ದರದ ಹೊರತಾದ ಅಂಶಗಳಿಗೆ ಶೇ. 30ರವರೆಗೆ ತೂಕ ಕೊಡಲು ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಅವಕಾಶ ಮಾಡಿಕೊಟ್ಟಿತು. ಅದು ಕೇಂದ್ರದ ಸೂಚನೆ, ರಾಜ್ಯದ ನಿಗಮಗಳನ್ನು ಕಟ್ಟಿಹಾಕುವುದಿಲ್ಲ. ಮಾದರಿಯಾಗಿ ಮುಂದಿಡಲು ಅಡ್ಡಿಯಿಲ್ಲ.

ಅಂಕ ಸಿಕ್ಕರೂ ಪುರಾವೆ ಬೇಕು. ಗುತ್ತಿಗೆದಾರರ ಲೆಕ್ಕಪತ್ರ ನೋಡುವ ನನ್ನ ಬಳಿ ಒಮ್ಮೆ ಡಿಪೋ ಸ್ವಚ್ಛತೆಯ ಕಡತವೊಂದು ಬಂದಿತ್ತು. ಅರ್ಜಿಯಲ್ಲಿ 38 ಕೆಲಸಗಾರರು, ಎಣ್ಣೆಯ ಕಲೆ ಹತ್ತಿದ ಹಾಜರಿ ಪುಸ್ತಕದಲ್ಲಿಯೂ 38 ಹೆಬ್ಬೆಟ್ಟುಗಳು, ಪಿಎಫ್ ಚಲನ್‌ನಲ್ಲಿ ಮಾತ್ರ 17 ಹೆಸರು. ಹೆಬ್ಬೆಟ್ಟುಗಳೆಲ್ಲ ನಿಜವೇ ಆಗಿದ್ದವು. ಆದರೂ ದರ ತೆರೆಯುವ ಮುನ್ನ ಅರ್ಹತೆಯ ದಾಖಲೆ ನೋಡುವ ತಾಂತ್ರಿಕ ಲಕೋಟೆಯಲ್ಲೇ ಆ ಗುತ್ತಿಗೆದಾರರು ಹೊರಬಿದ್ದರು. ಉಳಿದವರು ಬಿತ್ತನೆ ಮುಗಿಸಿ ಯಾದಗಿರಿಯಿಂದ ಬರುವವರು, ಸುಗ್ಗಿಗೆ ಮರಳುವವರು, ಅವರಿಗೆ ಪಿಎಫ್ ಏಕೆಂಬುದು ಮಾಲೀಕರ ವಾದವಾಗಿತ್ತು. ಪಿಎಫ್ ಸದಸ್ಯನ ಕಾಯಂ ಸಂಖ್ಯೆಯಾದ ಯುಎಎನ್ ಒಮ್ಮೆ ಮಾಡಿಸಿದರೆ ಕೆಲಸಗಾರ ಎಲ್ಲಿಗೆ ಹೋದರೂ ಅದೇ ಸಂಖ್ಯೆ ನಡೆಯುತ್ತದೆಂಬುದನ್ನು ಅವರು ಗಮನಿಸಿರಲಿಲ್ಲ.

ದರ ಬರೆಯುವ ಮುನ್ನ ಈ ಖರ್ಚನ್ನು ಸೇರಿಸಿ. ಲೆಕ್ಕದ ಅನುಕೂಲಕ್ಕೆ ಸಂಬಳ ₹15,000 ಎಂದಿಟ್ಟುಕೊಂಡರೆ, ಮಾಲೀಕನ ಪಾಲು ಪಿಎಫ್‌ಗೆ ಶೇ. 12ರಂತೆ ₹1,800, ಇಎಸ್‌ಐಗೆ ಶೇ. 3.25ರಂತೆ ₹487.50; 40 ಜನರಿಗೆ ತಿಂಗಳಿಗೆ ₹91,500. ಪಿಎಫ್ ಆಡಳಿತ ಶುಲ್ಕ ಬೇರೆ.

ಪ್ರೀ-ಬಿಡ್ ಸಭೆಯ ಉತ್ತರಗಳು ತಿದ್ದುಪಡಿಯಾಗಿ ರಾಜ್ಯ ಸರ್ಕಾರದ ಟೆಂಡರು ತಾಣ ಮಹಾಟೆಂಡರ್ಸ್‌ನಲ್ಲಿ ಪ್ರಕಟವಾದ ಮೇಲೆ ಅದರ ಪ್ರತಿಗೆ ಸಹಿ ಹಾಕಿ, ಹಿಂದಿನ ತಿಂಗಳುಗಳ ಚಲನ್‌ಗಳೊಂದಿಗೆ ತಾಂತ್ರಿಕ ಲಕೋಟೆಯಲ್ಲಿ ಸೇರಿಸಿ.