ಚೊಗರಿನ ಕಲೆಯ ಕೌದಿ

ಅಡಿಕೆ ಸುಲಿಯುವ ಕಾಲಕ್ಕೆಂದೇ ನಮ್ಮ ಕಡೆ ಹೆಂಗಸರು ಒಂದು ಜೊತೆ ಬಟ್ಟೆ ಬೇರೆ ಇಟ್ಟುಕೊಳ್ಳುತ್ತಾರೆ. ಒಂದು ಹಳೇ ಸೀರೆ, ಅದರ ಮೇಲೆ ಗಂಡನದೋ ಮಗನದೋ ಹಳೇ ಅಂಗಿ. ಅಡಿಕೆ ಗೊನೆಯ ಕೊಯ್ಲು ಶುರುವಾದಾಗಿನಿಂದ ಮುಗಿಯುವವರೆಗೂ ಅದೇ. ಬೇರೆ ಬಟ್ಟೆಗೆ ಚೊಗರು, ಅಂದರೆ ಅಡಿಕೆ ಬಿಡುವ ಬಣ್ಣದ ರಸ, ತಾಗಿದರೆ ಮುಗೀತು, ಯಾವ ಸೋಪಿಗೂ ಹೋಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಆ ಬಟ್ಟೆ ಒಲೆಕಟ್ಟೆ ಒರೆಸುವುದಕ್ಕೋ ಕೊಟ್ಟಿಗೆಗೋ ಹೋಗುತ್ತದೆ. ನಮ್ಮೂರಿನವರು ಸೇರಿ ಹೊಲಿದ ಕೌದಿ ಅಂಥ ಬಟ್ಟೆಗಳದ್ದು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟೈಲರ್. ಊರಿನ ಎಲ್ಲರ ಕೈಯೂ ಸೇರಿದ ಒಂದು ದೊಡ್ಡ ಕೌದಿ ಆಗಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ. ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿದ್ದೆ. ಅಂಚಿನಿಂದ ಹೊರಟು ಸುತ್ತಾ ಸುತ್ತಾ ಹೊಲಿದುಕೊಂಡು ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಪುಟ್ಟ ಮುಕ್ಕೋನದ ಹೂವು ಇಟ್ಟರೇ ಅವರಿಗೆ ಕೌದಿ ಪೂರ್ತಿಯಾದ ಹಾಗೆ. ಆ ಮೂಲೆಗಳು ನನ್ನ ಮನಸ್ಸಿನಲ್ಲೇ ಉಳಿದಿದ್ದವು.

ಸಂಘದ ಸಭೆಯಲ್ಲಿ ಹೇಳಿದೆ: "ಮನೆಗೊಂದು ಹಳೇ ಬಟ್ಟೆ ತನ್ನಿ." ಬಂದದ್ದು ಮದುವೆಯ ಜರಿ ಸೀರೆ, ನೈಲಾನು, ಜಾರ್ಜೆಟ್ಟು. ಗೋಡೆಗೆ ಹಾಕುವ ಕೌದಿ ಅಂದರೆ ಚೆಂದದ ಬಟ್ಟೆಯೇ ಆಗಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಹೊಲಿಯಲು ಬಂದವರು ಆರೇ ಜನ, ಎಲ್ಲರೂ ತೋಟ ಇರುವ ಮನೆಯವರು. ನಾನೇ ಕಾಗದದ ಮೇಲೆ ನವಿಲು, ಅಡಿಕೆ ಮರ ಬರೆದು ಕೊಟ್ಟಿದ್ದೆ. "ಎಲ್ಲಿ ಹೊಲೀಬೇಕು ಹೇಳೇ, ಹೊಲೀತೀವಿ" ಅಂದರು. ನೈಲಾನು ಜಾರಿ ಸುಕ್ಕಾಗುತ್ತಿತ್ತು. ಎರಡು ವಾರಕ್ಕೆ ಕೆಲಸ ನಿಂತಿತು.

ಆಮೇಲೆ ಒಂದು ದಿನ, ಸುಲಿಯಲು ಹೋಗುವ ಒಬ್ಬರು ರವಿಕೆ ಬಿಡಿಸಲು ಬಂದರು. ರವಿಕೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. "ಅದನ್ನ ನೋಡ್ಬೇಡಿ ಅಕ್ಕಾ, ಸುಲಿಯೋ ಸೀರೆ" ಅಂತ ಎಳೆದುಕೊಂಡರು. ಕೇಳಿ ಈಸಿಕೊಂಡು ಮೇಜಿನ ಮೇಲೆ ಹರಡಿದೆ. ಮಡಿಲಿನ ಜಾಗದಲ್ಲಿ ಕಂದು ಬಣ್ಣ ದಟ್ಟವಾಗಿ ಕೂತಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಡೆಗೆ ಬರುವ ಮೊಣಕಾಲಿನ ಹತ್ತಿರ ಕಡುಕಪ್ಪು. ಅಂಚಿಗೆ ಹೋದ ಹಾಗೆ ಚುಕ್ಕೆ ಚುಕ್ಕೆ. ಅದು ಯಾವ ವರ್ಷದ ಸೀರೆ, ಯಾರ ಮನೆಯ ಅಂಗಳದಲ್ಲಿ ಕೂತದ್ದು, ಎಲ್ಲವನ್ನೂ ಅವರು ಬೆರಳಿಟ್ಟು ಹೇಳಿದರು. ನನ್ನ ನವಿಲನ್ನು ಅವತ್ತೇ ಬಿಟ್ಟೆ.

ಆ ಬಣ್ಣ ಸುಮ್ನೆ ಬರುವುದಲ್ಲ. ಎಳೇ ಅಡಿಕೆಯಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ. ಅದು ಹತ್ತಿಯ ನೂಲನ್ನು ಬಿಗಿಯಾಗಿ ಹಿಡಿಯುತ್ತದೆ. ಕತ್ತಿಯ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಅನ್ನುವ ಹೆಂಗಸರ ಕೈಮಗ್ಗದ ಸಂಘದವರು ಕೈಮಗ್ಗದ ಬಟ್ಟೆಗೆ ಇದೇ ಚೊಗರಿನಿಂದ ಬಣ್ಣ ಕಟ್ಟುತ್ತಾರೆ, ಜನ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ನಮ್ಮ ಹೆಂಗಸರ ಮಡಿಲಿಗೂ ಅದೇ ಬಣ್ಣ ಕಟ್ಟಿದೆ, ಅಲ್ವಾ? ಇದನ್ನು ಮನೆ ಮನೆಗೆ ಹೋಗಿ ಹೇಳಿದೆ. "ಸುಲಿಯೋ ಬಟ್ಟೆ ಕೊಡಿ, ತೊಳೆದು ಕೊಟ್ಟರೆ ಸಾಕು." ಒಂದೇ ವಾರದಲ್ಲಿ ಎರಡು ಚೀಲ ತುಂಬಿತು.

ಜಾಗವನ್ನೂ ಬದಲಿಸಿದೆ. ಸಮುದಾಯ ಭವನ ಬಿಟ್ಟು, ಅಡಿಕೆ ಸುಲಿಯುವ ಒಂದು ಮನೆಯ ಅಂಗಳದಲ್ಲೇ ಕೂತೆವು. ರಾತ್ರಿ ಊಟದ ಮೇಲೆ ದೀಪದ ಕೆಳಗೆ ಸುತ್ತ ಕೂತು ಮಾತಾಡುತ್ತಾ ಕೈಕೆಲಸ ಮಾಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಅಡಿಕೆ ರಾಶಿಯ ಜಾಗದಲ್ಲಿ ಕೌದಿ ಬಂತು, ಅಷ್ಟೇ. ಮೊದಲ ಎರಡು ದಿನ ಮನೆಯವರು ಜಗಲಿಯ ಮೇಲೆ, ಕೂಲಿಗೆ ಬರುವವರು ಕೆಳಗೆ. ನನಗೆ ಅದು ನೋಯುತ್ತಿತ್ತು. ಆದರೆ ನಾನೇನೂ ಹೇಳಲಿಲ್ಲ. ಇಪ್ಪತ್ನಾಲ್ಕು ಚೌಕ ಜೋಡಿಸಿ ಕೆಳಗೆ ಹಾಸಿದಾಗ, ಹೊಲಿಯಬೇಕು ಅಂದವರು ಇಳಿದು ಅಂಚಿಗೆ ಬಂದು ಕೂರಲೇಬೇಕಾಯಿತು. ಅಂಚು ಮುಗಿದು ನಡುವಿನ ಕಡೆಗೆ ಹೊಲಿಗೆ ಸಾಗಿದಂತೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರವಾದರು. ಬಾಕಿ ದಿನಗಳಲ್ಲಿ ಊರು ಹೇಗೆ ಕೂರುತ್ತದೆ ಅನ್ನುವುದು ಇದರಿಂದ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಆ ಅಂಗಳದಲ್ಲಿ ಮಾತ್ರ ಆದದ್ದು ನಿಜ.

ಮಾಡಲು ಹೊರಟವರಿಗೆ ಕೆಲವು ಮಾತು ಹೇಳುತ್ತೇನೆ. ಕಪ್ಪು ಕಲೆಯ ಜಾಗದಲ್ಲಿ ಬಟ್ಟೆ ಬೇಗ ಲಡ್ಡಾಗಿ ಹರಿಯುತ್ತದೆ, ಕಬ್ಬಿಣ ನೂಲನ್ನು ತಿನ್ನುತ್ತದೆ. ಅಂಥ ತುಂಡಿನ ಕೆಳಗೆ ಗಟ್ಟಿ ಪಂಚೆ ಕೊಡಿ, ಹೊಲಿಗೆ ಒತ್ತಾಗಿ ಹಾಕಿ. ನಾವು ಮೇಲಿನ ತೇಪೆ, ನಡುವೆ ಎರಡು ಪದರ ಹಳೇ ಹತ್ತಿ ಸೀರೆ, ಅಡಿಗೆ ಪಂಚೆ ಇಟ್ಟೆವು. ಮೊದಲು ಪೂರ್ತಿ ಕಚ್ಚಾ ಹೊಲಿಗೆ ಹಾಕದಿದ್ದರೆ ಪದರ ಸರಿಯುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದಿಲ್ಲ. ಬಣ್ಣ ಬಿಡುತ್ತದೋ ಅಂತ ಪ್ರತಿ ತುಂಡನ್ನೂ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಒಂದು ಕೆಂಪು ರವಿಕೆಯನ್ನು ನೋಡದೆ ಸೇರಿಸಿದೆ. ನೀರು ಬಿದ್ದಾಗ ಪಕ್ಕದ ಮೂರು ಚೌಕಕ್ಕೆ ಕೆಂಪು ಹರಡಿತು. ಅದರಲ್ಲಿ ಒಂದು, ತೀರಿಕೊಂಡ ಒಬ್ಬ ಅಜ್ಜಿಯ ಸೀರೆಯ ಕೊನೆಯ ತುಂಡು. ಅವರ ಮಗಳು ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಸಂಕಟ.

ಫೆಬ್ರವರಿ ಕೊನೆಯಿಂದ ಮೇವರೆಗೆ ಮಾತ್ರ ಈ ಕೆಲಸ. ಮಳೆ ಹಿಡಿದರೆ ಇಷ್ಟು ದಪ್ಪದ ಕೌದಿ ನಮ್ಮಲ್ಲಿ ಒಣಗುವ ಮಾತೇ ಇಲ್ಲ.

ಹೊಲಿಯಲು ಬಾರದವರೂ ಬಂದರು. ಕಣ್ಣು ಮಂಜಾದ ಒಬ್ಬ ಅಮ್ಮ ದಿನಾ ಬಂದು ದಾರಕ್ಕೆ ಮೇಣ ಸವರಿ ಕೊಡುತ್ತಿದ್ದರು. ಶಾಲೆ ಮಕ್ಕಳು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದರು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಒಬ್ಬ ಕೊನೆಗಾರರು ಎದೆಯ ಹತ್ತಿರ ಸವೆದ ತಮ್ಮ ಅಂಗಿ ತಂದು, ತಾವೇ ಹೊಲಿಯುತ್ತೇನೆ ಅಂದರು. ದಬ್ಬಣದಲ್ಲಿ ಗೋಣಿ ಹೊಲಿದ ಕೈ ಅದು, ಒಂದೊಂದು ಹೊಲಿಗೆ ಅರ್ಧ ಇಂಚು. ಯಾರೋ ಬಿಚ್ಚಿ ಸಣ್ಣದಾಗಿ ಹಾಕೋಣ ಅಂದರು. ನಾನು ಬಿಡಲಿಲ್ಲ. ಆ ಚೌಕದಲ್ಲಿ ಅವರ ಕೈ ಇದೆ. ನನ್ನ ಕೈ ಅದರ ಮೇಲೆ ಯಾಕೆ?

ನಡುವಿನ ನಾಲ್ಕು ಚೌಕ ಖಾಲಿ ಇದ್ದವು. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಗೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರು ನಮ್ಮೂರಲ್ಲಿ ಇಬ್ಬರಿದ್ದಾರೆ. ಬಟ್ಟೆಯ ಮೇಲೆ ಬರೆದುಕೊಡಿ ಅಂತ ಕೇಳಿದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ನೆನೆಸಿಟ್ಟು, ಆ ನೀರಿಗೆ ಚೊಗರು ಬೆರೆಸಿದೆವು. ಒಳ್ಳೇ ಕಪ್ಪು ಬಂತು. ಪುಂಡಿ ನಾರಿನ ಕುಂಚದಲ್ಲಿ ಅವರು ಗೆರೆ ಎಳೆದರು. ಗೋಡೆಯ ಮೇಲೆ ಎಳೆಯುವಷ್ಟೇ ನೇರ, ಎಲ್ಲೂ ಕೈ ನಡುಗಲಿಲ್ಲ. "ಕೆಮ್ಮಣ್ಣಿನ ಗೋಡೆ ಇದ್ದ ಹಾಗೇ ಇದೆಯಲ್ಲ ಈ ಸೀರೆ" ಅಂದರು ಒಬ್ಬರು. ಗೆರೆಯ ಮೇಲೆ ಬಿಳಿ ದಾರದಲ್ಲಿ ಹೊಲಿಗೆ ಹಾಕಿದ್ದು ಮೊದಲ ವಾರದ ಆ ಆರು ಜನ.

ಕೌದಿಯನ್ನು ಗೋಡೆಗೆ ತೂಗುಹಾಕಿದ್ದು ಒಂದೇ ದಿನ. ನಿಂತು ನೋಡುವುದು ಯಾರಿಗೂ ಸಾಲಲಿಲ್ಲ. ತಮ್ಮ ತುಂಡು ಎಲ್ಲಿದೆ ಅಂತ ಮುಟ್ಟಿ ಹುಡುಕಬೇಕಿತ್ತು. ಇಳಿಸಿ ಹಾಸಿದೆವು. ಪಟ್ಟಣದಿಂದ ಬಂದ ಒಬ್ಬರು ಕೊಳ್ಳುತ್ತೇವೆ ಅಂದರು. ಒಳ್ಳೇ ದುಡ್ಡೇ. ಅಂಗಳದಲ್ಲಿ ಕೂತು ಮಾತಾಡಿದೆವು, ಕೊಡುವುದು ಬೇಡ ಅಂತ ಆಯಿತು. ಈಗ ತಿಂಗಳಿಗೊಂದು ಮನೆ. ಒಂದು ನೋಟ್‌ಬುಕ್ಕಿನಲ್ಲಿ ಸರದಿ ಬರೆದಿಟ್ಟಿದ್ದೇವೆ. ನಿಯಮ ಒಂದೇ: ಮಡಚಿ ಟ್ರಂಕಿನಲ್ಲಿ ಇಡುವ ಹಾಗಿಲ್ಲ, ಬೂಸರು ಹಿಡಿಯುತ್ತದೆ. ಹಾಸಿಕೊಳ್ಳಬೇಕು, ಹೊದೆಯಬೇಕು. ಈ ತಿಂಗಳು ಅದು ಮೇಣ ಸವರುತ್ತಿದ್ದ ಅಮ್ಮನ ಮನೆಯಲ್ಲಿದೆ.