ಕಲಬುರಗಿ ಬಿಸಿಲಿನ ಹಿತ್ತಲು: ಮಣ್ಣು ಮುಚ್ಚಿರಿ, ಔಷಧಿ ಪಂಪು ಕೆಳಗಿಡಿರಿ

ಮಾರ್ಚ್ ಕೊನೆಗೆ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳಲ್ಲಿ 43, 44ಕ್ಕೆ ಹೋಗುವುದೂ ಹೊಸದಲ್ಲ. ಇಂಥ ಊರಲ್ಲಿ ಹಿತ್ತಲು ಕಸಬರಿಗೆಯಿಂದ ಕೆಡುವಷ್ಟು ಹುಳದಿಂದ ಕೆಡುವುದಿಲ್ಲ. ಬೇವಿನ ಎಲೆ ಉದುರಿದ್ದೇ ತಡ, ಗುಡಿಸಿ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಗಿಡದ ಬುಡ ಬೋಳಾಗುತ್ತದೆ. ಆಮೇಲೆ ದಿನಕ್ಕೆ ಎರಡು ಸಲ ಪೈಪು ಹಿಡಿದರೂ ಮಧ್ಯಾಹ್ನಕ್ಕೆ ಎಲೆ ಜೋತುಬೀಳುತ್ತದೆ.

ಎರಿ ಮಣ್ಣಿನ, ಅಂದರೆ ನಮ್ಮ ಕಪ್ಪು ಮಣ್ಣಿನ, ಸ್ವಭಾವ ತಿಳಿದರೆ ಅರ್ಧ ಕೆಲಸ ಕಡಿಮೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಬಿಡುವಾಗ ಸಣ್ಣ ಬೇರುಗಳು ಹರಿಯುತ್ತವೆ, ಬಿಸಿ ಗಾಳಿ ಒಳಗಿಳಿದು ಆಳದ ತೇವವನ್ನೂ ಎಳೆದುಕೊಳ್ಳುತ್ತದೆ. ಇದಕ್ಕೆ ಮದ್ದು ಹೊದಿಕೆ. ಬುಡದ ಸುತ್ತ 3ರಿಂದ 4 ಇಂಚು ದಪ್ಪ ಒಣ ಎಲೆ, ಜೋಳದ ಕಣಕಿಯ (ಒಣ ದಂಟಿನ) ತುಂಡು, ತೊಗರಿ ಹೊಟ್ಟು ಹರಡಿರಿ. ಶಹಾಪುರ, ಸುರಪುರದ ಕಾಲುವೆ ಭಾಗದವರಿಗೆ ಭತ್ತದ ಹುಲ್ಲು ಸಿಗುತ್ತದೆ, ಅದೂ ನಡೆಯುತ್ತದೆ. ತೊಗರಿ ಹೊಟ್ಟು ಹಗುರ, ಬೇಸಿಗೆ ಗಾಳಿಗೆ ಅಂಗಳದ ತುಂಬ ಹಾರುತ್ತದೆ. ಅದನ್ನು ಕೆಳಗೆ ಹಾಕಿ ನೀರು ಚಿಮುಕಿಸಿ, ಮೇಲೆ ಕಣಕಿ ಹೇರಬೇಕು. ಹೊದಿಕೆ ಕಾಂಡಕ್ಕೆ ತಾಗಬಾರದು, ಸುತ್ತ 4 ಇಂಚು ಬಯಲು ಬಿಡಿರಿ, ಮನೆ ಗೋಡೆಯಿಂದ ಒಂದು ಅಡಿ ದೂರ ಇಡಿರಿ. ಇಲ್ಲವಾದರೆ ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಈ ಹೊದಿಕೆಯ ಅಡಿಯಲ್ಲೇ ಎರೆಹುಳ, ಜೇಡ, ಕಪ್ಪೆ ಬಿಸಿಲು ಕಳೆಯುತ್ತವೆ. ಮಳೆಗಾಲದಲ್ಲಿ ರಾತ್ರಿ ಹುಳ ಹಿಡಿಯಲು ಬರುವ ಕಪ್ಪೆ ಬೇಸಿಗೆಯಲ್ಲಿ ಎಲ್ಲೋ ಅಡಗಿರಬೇಕಲ್ಲ!

ಹೊಸ ಗಿಡ ಹಚ್ಚುವವರು ಏಪ್ರಿಲ್–ಮೇ ತಿಂಗಳಲ್ಲೇ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ನಾಟಿ ಮಾಡುವುದು ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆ. ಎರಿ ನೆಲದಲ್ಲಿ ಸಲಿಕೆಯಿಂದ ತೆಗೆದ ಗುಂಡಿಯ ಗೋಡೆ ನುಣ್ಣಗೆ ಆಗಿ, ನೀರು ಹೊರಗೆ ಹೋಗದೆ ಒಳಗೇ ನಿಂತು ಬೇರು ಕೊಳೆಯುತ್ತದೆ. ಹಾರೆಯಿಂದ ನಾಲ್ಕೂ ಬದಿ ಗೀಚಿ ಒರಟು ಮಾಡಿರಿ. ತುಂಬುವಾಗ ಮೇಲ್ಮಣ್ಣು, ಗರಸು (ಸಣ್ಣ ಕಲ್ಲಿನ ಒರಟು ಮಣ್ಣು), ಹಳೆಯ ತಿಪ್ಪೆಗೊಬ್ಬರ ಸಮಪಾಲು ಕಲಸಿ, ನೆಲಮಟ್ಟಕ್ಕಿಂತ 4 ಇಂಚು ಎತ್ತರಿಸಿರಿ. ಮಳೆಗೆ ಅದು ಕುಸಿದು ಸರಿಯಾಗುತ್ತದೆ. ಬೀದರಿನ ಕೆಂಪು ನೆಲಕ್ಕೆ ಈ ಲೆಕ್ಕ ಬೇಡ. ಅಲ್ಲಿ ನೀರು ನಿಲ್ಲುವುದಕ್ಕಿಂತ ಇಂಗಿಹೋಗುವುದೇ ತೊಂದರೆ. ಗರಸು ಬಿಟ್ಟು ಗೊಬ್ಬರ ಹೆಚ್ಚಿಸಿರಿ. ಎರಿ ಮಣ್ಣು ಹಸಿ ಇರುವಾಗ ಮಾತ್ರ ತುಳಿಯಬೇಡಿ, ಅಗೆಯಬೇಡಿ. ಒಣಗಿದರೆ ಇಟ್ಟಂಗಿಯೇ.

ನೀರು ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ, ಬೇರೂರಿದ ಗಿಡಕ್ಕೆ ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಬಿಡುವುದು ಮೇಲು. ಮೇಲಷ್ಟೇ ನೆನೆದರೆ ಬೇರು ಮೇಲೇ ಹರಡಿ ಬಿಸಿಲಿಗೆ ಬೇಯುತ್ತವೆ. ಊರಿಗೆ ಹೋಗುವವರಿಗೆ ಗಡಿಗೆ ಉಪಾಯವಿದೆ. ಬಣ್ಣ ಹಚ್ಚದ, 5 ಲೀಟರ್ ಹಿಡಿಯುವ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದೂವರೆ ಅಡಿ ದೂರದಲ್ಲಿ, ಬಾಯಿ ಒಂದು ಇಂಚು ಮೇಲಿರುವಂತೆ ಹೂಳಿ ನೀರು ತುಂಬಿರಿ. ಮಣ್ಣು ಒಣಗಿದಷ್ಟು ನೀರು ಗೋಡೆಯಿಂದ ಜಿನುಗುತ್ತದೆ. ಬಾಯಿಗೆ ತಟ್ಟೆ ಮುಚ್ಚುವುದನ್ನು ಮರೆಯಬೇಡಿ. ತೆರೆದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ, ನೀರಿಗೆ ಬಂದ ಅಳಿಲು, ಓತಿಕ್ಯಾತ ಜಾರಿ ಬಿದ್ದು ಸಾಯುತ್ತವೆ. ಬೋರಿನ ನೀರು ಗಡುಸು, ವರ್ಷ ಕಳೆದರೆ ಉಪ್ಪು ಕಟ್ಟಿ ಗಡಿಗೆಯ ರಂಧ್ರ ಮುಚ್ಚುತ್ತವೆ. ಜಿನುಗುವುದು ನಿಂತಿದ್ದು ಕಂಡರೆ ಗಡಿಗೆ ಬದಲಿಸಿ.

ಮಾಳಿಗೆ ಮೇಲಿನ ಕುಂಡಗಳ ಕಷ್ಟ ಬೇರೆ. ಮಾಳಿಗೆಗೆ ಹಾಸಿದ ಶಹಾಬಾದಿ ಫರ್ಸಿ ಕಲ್ಲು ಕಾದು ಕೆಳಗಿನಿಂದ ಬೇರನ್ನು ಸುಡುತ್ತದೆ. ಕುಂಡವನ್ನು ಎರಡು ಇಟ್ಟಂಗಿ ಮೇಲೆ ಎತ್ತಿಡಿ, ಒತ್ತೊತ್ತಾಗಿ ಜೋಡಿಸಿ, ಹೊರಸಾಲಿನ ಕುಂಡಗಳಿಗೆ ಗೋಣಿತಟ್ಟು ಸುತ್ತಿರಿ. ಪಡುವಣ ಬಿಸಿಲೇ ಕೊಲ್ಲುವುದು. ಆ ಬದಿಗೆ 50 ಶೇಕಡಾ ನೆರಳು ಪರದೆ ಬಿಗಿಯಾಗಿ ಕಟ್ಟಿರಿ. ಸಡಿಲ ಬಲೆ ನೆಲಕ್ಕೆ ಜೋಲುಬಿದ್ದರೆ ಹಕ್ಕಿ, ಹಾವು ಸಿಕ್ಕಿಕೊಳ್ಳುತ್ತವೆ. ಕುಂಡಕ್ಕೆ ಬರೀ ಎರಿ ಮಣ್ಣು ತುಂಬಬೇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ದಪ್ಪ ಮರಳು ಇರಲಿ. ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು. ತಿಂಗಳಿಗೊಮ್ಮೆ ತಳದಿಂದ ಧಾರಾಳ ಹರಿದುಹೋಗುವಷ್ಟು ನೀರು ಹಾಕಿ ತೊಳೆಯಿರಿ. ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕುವ ಉಳಿತಾಯ ಬೇಡ, ಅದರಲ್ಲಿ ಉಪ್ಪಿನಂಶ ಹೆಚ್ಚು. ದಾಸವಾಳ, ಮಲ್ಲಿಗೆ, ನಿಂಬೆಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ರೋಗವಲ್ಲ, ಸುಣ್ಣದ ಮಣ್ಣಲ್ಲಿ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ. ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಫರ್ಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಗೋಣಿ ಹಾಸಿಕೊಳ್ಳಿ.

ಇನ್ನು ಎಲೆ ತಿನ್ನುವವರ ವಿಷಯ. ತೂತು ಕಂಡ ಕೂಡಲೇ ಪಂಪು ಹೆಗಲಿಗೇರಿಸುವ ಮೊದಲು, ತಿಂದವರು ಯಾರೆಂದು ಬಗ್ಗಿ ನೋಡ್ರಿ. ಗುಲಾಬಿ ಎಲೆಯ ಅಂಚಲ್ಲಿ ಅರ್ಧಚಂದ್ರದ ಕಡಿತ, ಅಂಚು ಎಲ್ಲೂ ಹರಿದಿಲ್ಲ, ಸುತ್ತ ಹಿಕ್ಕೆಯಿಲ್ಲ, ಬಲೆಯಿಲ್ಲ ಎಂದರೆ ಅದು ಎಲೆ ಕತ್ತರಿಸುವ ಜೇನು. ಒಂಟಿಯಾಗಿ ಬದುಕುವ ಜೇನ್ನೊಣ ಇದು, ಹುಟ್ಟು ಕಟ್ಟುವುದಿಲ್ಲ. ಎಲೆಯ ತುಂಡನ್ನು ಸುರುಳಿ ಸುತ್ತಿ ಕಾಲಲ್ಲಿ ಹಿಡಿದು ಹಾರುತ್ತದೆ, ಟೊಳ್ಳು ದಂಟಿನೊಳಗೆ ಅದರಿಂದ ಮರಿಗೆ ಕೋಣೆ ಮಾಡುತ್ತದೆ. ಗುಲಾಬಿಗೆ ನಷ್ಟವೇನೂ ಇಲ್ಲ. ಇದೇ ಬಳಗದ ಜೇನುಗಳು ನಮ್ಮ ತೊಗರಿ ಹೂವಿಗೆ ಪರಾಗ ಮುಟ್ಟಿಸುವವು. ತೊಗರಿ ಕಣಜವೆನ್ನಿಸಿಕೊಂಡ ಜಿಲ್ಲೆಯಲ್ಲಿ ಇವುಗಳ ಮೇಲೆ ಔಷಧಿ ಹೊಡೆಯುವುದು ನನಗಂತೂ ಸರಿಬೀಳದು. ಬದಲಿಗೆ ಮನೆ ಮಾಡಿಕೊಡಿ: 6ರಿಂದ 8 ಮಿಲಿಮೀಟರ್ ತೂತಿರುವ ಸಣ್ಣ ಬಿದಿರು ಅಥವಾ ಔಡಲದ ಒಣ ದಂಟನ್ನು ಗೇಣುದ್ದ ಕತ್ತರಿಸಿ, ಒಂದು ತುದಿಗೆ ಹಸಿಮಣ್ಣು ಮೆತ್ತಿ, ಕಟ್ಟು ಕಟ್ಟಿ, ಮಳೆ ತಾಗದ ಸೂರಿನಡಿ ಮೂಡಣಕ್ಕೆ ಮುಖಮಾಡಿ ಅಡ್ಡ ಇಡಿರಿ. ಗಾಳಿಗೆ ತೂಗಾಡುವಂತೆ ನೇತುಹಾಕಿದರೆ ಅವು ಬರುವುದಿಲ್ಲ.

ಕರಿಬೇವು, ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಂದು-ಬಿಳಿ ಹುಳ ಇದ್ದರೆ ಅದು ಚಿಟ್ಟೆಯ ಮರಿ. ದೊಡ್ಡದಾದಾಗ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ವಾಸನೆಯ ಕೋಡು ಹೊರಚಾಚುತ್ತದೆ. ಎತ್ತರದ ಗಿಡಕ್ಕೆ ಇದರಿಂದ ಏನೂ ಆಗದು. ಮೊಣಕಾಲೆತ್ತರದ ಸಸಿಯಾಗಿದ್ದರೆ ರೆಂಬೆ ಸಮೇತ ಎತ್ತಿ ದೊಡ್ಡ ಕರಿಬೇವಿಗೋ ಬಿಲ್ವಕ್ಕೋ ದಾಟಿಸಿ. ಬೇರೆ ಜಾತಿಯ ಗಿಡಕ್ಕೆ ಬಿಟ್ಟರೆ ಹಸಿವಿನಿಂದ ಸಾಯುತ್ತದೆ. ಎಕ್ಕೆಯ ಮೇಲಿನ ಕಪ್ಪು-ಹಳದಿ ಪಟ್ಟೆಯ ಹುಳವೂ ಚಿಟ್ಟೆಯದೇ. ಕಾಂಪೌಂಡ್ ಮೂಲೆಯಲ್ಲಿ ಒಂದು ಎಕ್ಕೆ ಇರಲಿ, ಆದರೆ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿಗೆ ಹೇಳಿಡಿ. ಸಸ್ಯಹೇನು ಮುತ್ತಿದ ಟೊಂಗೆಯಲ್ಲಿ ಕರಿ ಮೈಮೇಲೆ ಕಿತ್ತಳೆ ಚುಕ್ಕೆಯ ಉದ್ದನೆ ಹುಳ ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳದ ಮರಿ. ಹೇನು ತಿನ್ನಲು ಬಂದಿರುವುದು ಅದೇ. ನೋಡಲು ಚೆಂದವಿಲ್ಲವೆಂದು ಹೊಸಕಿಹಾಕುತ್ತಾರೆ, ಆಮೇಲೆ ಹೇನು ಹೆಚ್ಚಾಯಿತೆಂದು ಕೊರಗುತ್ತಾರೆ.

ನಿಜಕ್ಕೂ ಕೈಹಾಕಬೇಕಾದ್ದು ದಾಸವಾಳದ ಬಿಳಿ ಹಿಟ್ಟು ತಿಗಣೆಗೆ. ಬಿಸಿಲು ಏರಿದಂತೆ ಇದು ಏರುತ್ತದೆ. ಇದರ ಸಿಹಿ ಅಂಟಿಗಾಗಿ ಇರುವೆ ಕಾವಲು ನಿಂತು ಇದನ್ನು ತಿನ್ನಲು ಬರುವ ಹುಳಗಳನ್ನು ಓಡಿಸುತ್ತದೆ, ಹಾಗಾಗಿ ಮೊದಲು ಇರುವೆಯ ದಾರಿ ಕಡಿಯಬೇಕು. ಕಾಂಡಕ್ಕೆ ಬಟ್ಟೆಪಟ್ಟಿ ಸುತ್ತಿ ಅದರ ಮೇಲೆ ಔಡಲೆಣ್ಣೆ ಸವರಿರಿ, ಬೇರೆ ಗಿಡ, ಗೋಡೆಗೆ ತಾಗುವ ಟೊಂಗೆ ಕತ್ತರಿಸಿರಿ. ಹೆಚ್ಚು ಮುತ್ತಿದ ತುದಿಗಳನ್ನು ತೆಗೆದು ಚೀಲದಲ್ಲಿ ಕಟ್ಟಿ ಬಿಸಿಲಿಗೆ ಹಾಕಿ, ಉಳಿದದ್ದನ್ನು ಜೋರು ನೀರಿಂದ ತೊಳೆದು, ಮರುದಿನ ಸಂಜೆ ಬೇವಿನ ಕಷಾಯ ಹೊಡೆಯಿರಿ. ಮಳೆಗಾಲದ ಆರಂಭಕ್ಕೆ ಉದುರುವ ಬೇವಿನ ಹಣ್ಣು ಆರಿಸಿ, ತಿರುಳು ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಅಂಗಡಿಗೆ ಹೋಗುವುದು ಬೇಡ. ಲೀಟರ್ ನೀರಿಗೆ 50 ಗ್ರಾಂ ಬೀಜದ ಪಪ್ಪು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಅಂದೇ ಮುಗಿಸಬೇಕು. ವರ್ಷ ಹಳೆಯ ಬೀಜಕ್ಕೆ ಸತ್ವವಿರದು. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿಲಿ. ಮೊದಲು ಸೋಪಿನ ದ್ರವದಲ್ಲಿ ಎಣ್ಣೆ ಕಲಸಿ ಆಮೇಲೆ ನೀರು ಬೆರೆಸಿರಿ. ಇಲ್ಲವೆಂದರೆ ಎಣ್ಣೆ ಮೇಲೆ ತೇಲಿ, ಬಿದ್ದ ಕಡೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ, ಮುತ್ತಿದ ಗಿಡಕ್ಕೆ ಮಾತ್ರ. ಬೇವು ನಮ್ಮದೇ ಎಂದು ಹಿತ್ತಲ ತುಂಬ ಹೊಡೆಯಬೇಡಿ, ಚಿಟ್ಟೆಯ ಮರಿಗೂ ಅದು ವಿಷವೇ.

ಗುಬ್ಬಿಗೆ ಕಾಳು ಹಾಕಿ ಸಾಕಿದೆವೆಂದುಕೊಂಡರೆ ಅರ್ಧ ಸತ್ಯ. ದೊಡ್ಡ ಗುಬ್ಬಿ ಜೋಳ, ಸಜ್ಜೆ ತಿನ್ನುತ್ತದೆ, ಮರಿಗೆ ತಿನ್ನಿಸುವುದು ಹುಳವನ್ನು. ಹುಳವಿಲ್ಲದ ಹಿತ್ತಲಲ್ಲಿ ಗೂಡಿನ ಪೆಟ್ಟಿಗೆ ಎಷ್ಟು ತೂಗುಹಾಕಿದರೂ ಮರಿ ಉಳಿಯದು. ಪೆಟ್ಟಿಗೆ ಕಟ್ಟಿಗೆಯದಿರಲಿ, ತೂತು 32 ಮಿಲಿಮೀಟರ್, ಎತ್ತರ 8–10 ಅಡಿ, ಮೂಡಣ ಅಥವಾ ಬಡಗಣ ಗೋಡೆ. ತಗಡಿನ ಡಬ್ಬಿ ನಮ್ಮ ಬಿಸಿಲಿಗೆ ಮರಿಯನ್ನು ಬೇಯಿಸಿಬಿಡುತ್ತದೆ. ನೀರಿಗೆ ಅಗಲ ಬಾಯಿಯ ಮಣ್ಣಿನ ತಾಟು, ಎರಡು ಇಂಚಿಗಿಂತ ಆಳ ಬೇಡ, ಜೇನು ಕೂರಲು ನಾಲ್ಕು ಕಲ್ಲು ಹಾಕಿರಿ. ನೆರಳಲ್ಲಿಡಿ, ಆದರೆ ಬೆಕ್ಕು ಅವಿತು ನೆಗೆಯದಂತೆ ಪೊದೆಯಿಂದ ಐದಾರು ಅಡಿ ದೂರವಿರಲಿ. ದಿನಾ ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ ನೀರು ಬದಲಿಸಬೇಕು.

ಎಲೆಗುಡ್ಡೆಯಿಂದ ಹಾವು ಬರುತ್ತದೆಂಬ ಅಂಜಿಕೆ ಎಲ್ಲ ಮನೆಯಲ್ಲೂ ಇದೆ. ಹಾವು ಬರುವುದು ಇಲಿಗೆ, ಇಲಿ ಬರುವುದು ಅನ್ನ-ರೊಟ್ಟಿಯ ಚೂರಿಗೆ. ಗೊಬ್ಬರದ ಗುಂಡಿಗೆ ಬೇಯಿಸಿದ್ದು ಹಾಕಬೇಡಿ, ಗುಡ್ಡೆಯನ್ನು ಬಾಗಿಲಿಂದ ದೂರದ ಮೂಲೆಯಲ್ಲಿಡಿ, ರಾತ್ರಿ ಬ್ಯಾಟರಿ ಇಲ್ಲದೆ ಆ ಕಡೆ ಹೋಗಬೇಡಿ. ಇಲಿ ಪಾಷಾಣ ಬೇಡ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಅದೂ ಸಾಯುತ್ತದೆ. ಅಂಟಿನ ಹಾಳೆಯಂತೂ ಓತಿಕ್ಯಾತ, ಗುಬ್ಬಿ ಯಾವುದನ್ನೂ ಬಿಡದು.

ಯಾವ ಗಿಡ ಹಚ್ಚಲಿ ಎಂದು ಕೇಳುವವರಿಗೆ: ಜಾಗವಿದ್ದರೆ ಹೊಂಗೆ, ಬೇವು, ನುಗ್ಗೆ. ಸಣ್ಣ ಜಾಗಕ್ಕೆ ಸೀತಾಫಲ, ತುಳಸಿ, ತುಂಬೆ, ಕಣಗಿಲೆ. ಬೇಗ ಹಸಿರಾಗುತ್ತದೆಂದು ಕಾಂಪೌಂಡಿಗೆ ಕೋನೋಕಾರ್ಪಸ್ ಎಂಬ ವಿದೇಶಿ ಗಿಡದ ಸಾಲು ಹಚ್ಚುವ ಗೀಳು ಬಿಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬೇಲಿ ಸವರುವ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಿಂದ ಮಳೆಗಾಲದವರೆಗೆ ಪಿಕಳಾರ, ಸಿಂಪಿಗ ಹಕ್ಕಿಗಳು ಗೂಡು ಕಟ್ಟುವ ಕಾಲ. ತುರ್ತಿದ್ದರೆ ಮೊದಲು ಟೊಂಗೆ ಸರಿಸಿ ಒಳಗೆ ನೋಡಿ, ಗೂಡಿದ್ದರೆ ಮರಿ ಹಾರಿಹೋಗುವವರೆಗೆ ಆ ಭಾಗವನ್ನು ಬಿಡಿ. ರೆಕ್ಕೆಗರಿ ಮೂಡಿದ ಮರಿ ಕೆಳಗೆ ಕುಪ್ಪಳಿಸುತ್ತಿದ್ದರೆ ಅನಾಥವಲ್ಲ, ತಾಯಿ ಹತ್ತಿರವೇ ಇರುತ್ತದೆ. ಬೆಕ್ಕಿಗೆ ಎಟುಕದ ಟೊಂಗೆಗೆ ಏರಿಸಿ ದೂರ ಸರಿಯಿರಿ, ಬಾಯಿಗೆ ನೀರು ಹನಿಸಬೇಡಿ. ಗರಿ ಬಾರದ ಮರಿ ಬಿದ್ದಿದ್ದರೆ ಗೂಡಿಗೇ ಇಡಿ. ಕೈ ತಾಗಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು.